15 ಹುಡುಗರು, 11 ಜಾಗ: ಭಾನುವಾರ ಯಾರನ್ನು ಬಿಡಲಿ?

ಭದ್ರಾವತಿ ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಭದ್ರಾವತಿಯವನು. ನಮ್ಮದು ಚಿಕ್ಕ ಕ್ರಿಕೆಟ್ ಕ್ಲಬ್. ಟೆನ್ನಿಸ್ ಬಾಲ್ ಆಡಿಕೊಂಡಿದ್ದ ನಾವು ಮೂರು ವರ್ಷದ ಹಿಂದೆ ಲೆದರ್ ಬಾಲ್‌ಗೆ ಬಂದೆವು. ಈ ಸಲ ನನ್ನನ್ನು ಕ್ಯಾಪ್ಟನ್ ಮಾಡಿ, ಲೆಕ್ಕದ ಪುಸ್ತಕವನ್ನೂ ನನ್ನ ಕೈಗೇ ಕೊಟ್ಟಿದ್ದಾರೆ. ನನಗೆ 24 ವರ್ಷ. ಅನುಭವ ಇರುವವರನ್ನು ಕೇಳೋಣ ಅಂತ ಬರೆಯುತ್ತಿದ್ದೇನೆ.

ಲೀಗ್‌ನಲ್ಲಿ 4 ಪಂದ್ಯ ಮುಗಿದಿವೆ. 2 ಗೆದ್ದೆವು, 2 ಸೋತೆವು. ಇನ್ನು 3 ಇವೆ. ಮುಂದಿನ ಭಾನುವಾರದ್ದು ಗೆದ್ದರೆ ಮೇಲಿನ ಡಿವಿಷನ್‌ಗೆ ಹೋಗುವ ಆಸೆ ಉಳಿಯುತ್ತದೆ.

ನಮ್ಮಲ್ಲಿ ಒಟ್ಟು 15 ಜನ. ಅದರಲ್ಲಿ ಒಬ್ಬ ಬೇಕರಿಯಲ್ಲಿ ಕೆಲಸ ಮಾಡುವ ಹುಡುಗ. ರಾತ್ರಿ ಪಾಳಿ ಮುಗಿಸಿ, ಮನೆಗೂ ಹೋಗದೆ, 6 ಗಂಟೆಗೆ ಪ್ರಾಕ್ಟೀಸ್‌ಗೆ ಬರುತ್ತಾನೆ. ಪಿಚ್ ಮೇಲೆ ಹಾಸುವ ಮ್ಯಾಟ್ ಹೊರುವುದು, ಅದಕ್ಕೆ ಮೊಳೆ ಹೊಡೆಯುವುದು, ಸುಣ್ಣ ಹಾಕುವುದು, ಎಲ್ಲಕ್ಕೂ ಅವನೇ ಮುಂದೆ. ಇದುವರೆಗೆ ಒಂದೇ ಪಂದ್ಯ ಆಡಿಸಿದ್ದೇನೆ. ಮೂರನೇ ಬಾಲ್‌ಗೆ 0ಗೆ ಔಟಾದ. ಇನ್ನೊಬ್ಬ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಪ್ರಾಕ್ಟೀಸ್‌ಗೆ ಬರುವುದೇ ಇಲ್ಲ. ಪಂದ್ಯದ ದಿನ ಬೆಳಿಗ್ಗೆ ಇಳಿಯುತ್ತಾನೆ, 40–50 ರನ್ ಹೊಡೆಯುತ್ತಾನೆ, ಸಂಜೆ ಬಸ್ಸಿಗೆ ಹೊರಟುಹೋಗುತ್ತಾನೆ. ಆಟ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ಭಾನುವಾರ ಉಳಿದಿರುವುದು ಒಂದೇ ಜಾಗ. ಇಬ್ಬರಲ್ಲಿ ಯಾರನ್ನು ಆಡಿಸಲಿ? ಬಿಟ್ಟವನಿಗೆ ಏನಂತ ಹೇಳಲಿ?

ಹೊಸ ಬಾಲ್

ಕ್ಯಾಪ್ಟನ್ ಆದ ಮೇಲೆ ಗೆಲ್ಲುವ ತಂಡ ಇಳಿಸಬೇಕು. ಅದು ಮಿಕ್ಕ 10 ಜನಕ್ಕೆ ನೀವು ಕೊಡುವ ಮರ್ಯಾದೆ. ಅವರೂ ಬೆಳಿಗ್ಗೆ ಎದ್ದು ಬಂದವರೇ ಅಲ್ವಾ? ನಾನು ಹುಬ್ಬಳ್ಳಿಯಲ್ಲಿ 6 ವರ್ಷ ಲೀಗ್ ಆಡಿದ್ದೇನೆ. ಪಾಪ ಅಂತ ಆಡಿಸಿದ ಹುಡುಗನಿಗೆ, ತನ್ನನ್ನು ಪಾಪ ಅಂತ ಆಡಿಸಿದ್ದಾರೆ ಅನ್ನುವುದು ಗೊತ್ತಾಗುತ್ತದೆ. ಅದು ಬೆಂಚಿನಲ್ಲಿ ಕೂತದ್ದಕ್ಕಿಂತ ಜಾಸ್ತಿ ಚುಚ್ಚುತ್ತದೆ. ನನ್ನ ಪ್ರಕಾರ ದಾವಣಗೆರೆ ಹುಡುಗನೇ ಆಡಲಿ. ಬೇಕರಿ ಹುಡುಗನಿಗೆ ನೆಟ್ಸ್‌ನಲ್ಲಿ ಜಾಸ್ತಿ ಹೊತ್ತು ಬ್ಯಾಟಿಂಗ್ ಕೊಡಿ. ಆಟ ಬೆಳೆಯಲಿ, ಜಾಗ ತಾನಾಗಿ ಸಿಗುತ್ತದೆ.

ಮಂಡಿ ರೈಟರು, ಸಾಗರ

ತಮ್ಮಾ, ನಿನ್ನ ಪ್ರಶ್ನೆ ಓದಿದ ಮೇಲೆ ನಿನ್ನೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ನೀನು ನಿಂತಿರುವ ಜಾಗದಲ್ಲೇ ನಾನೂ ನಿಂತಿದ್ದೆ, ಮತ್ತು ತಪ್ಪು ಮಾಡಿದೆ. ಉದ್ದ ಬರೆಯುತ್ತೇನೆ, ಪೂರ್ತಿ ಓದು.

ಅಡಿಕೆ ಮಂಡಿಯಲ್ಲಿ ನನಗೆ ರೈಟರ್ ಕೆಲಸ. 9 ವರ್ಷ ನಮ್ಮ ಕ್ಲಬ್ಬಿನ ಕ್ಯಾಪ್ಟನ್ನೂ ನಾನೇ, ಕಾರ್ಯದರ್ಶಿಯೂ ನಾನೇ. ಹೇಳಬೇಕಾಗಿರುವುದು 2016–17ರ ಸೀಸನ್ ಬಗ್ಗೆ.

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೈದಾನ ಕೆಸರುಗದ್ದೆ. ಮಳೆ ಹಿಂದೆ ಸರಿದು ನೆಲ ಆರಿದ ಮೇಲೆ, ಅಕ್ಟೋಬರ್‌ನಲ್ಲಿ, ಅಟ್ಟದಿಂದ ಮ್ಯಾಟ್ ಇಳಿಸುತ್ತೇವೆ. ತೆಂಗಿನ ನಾರಿನದು. ಆ ವರ್ಷ ಇಳಿಸಿ ಬಿಚ್ಚಿದರೆ ಒಂದು ಮೂಲೆಯನ್ನು ಇಲಿ ಕಡಿದು ಹಾಕಿತ್ತು, ಒಂದು ಮೊಳದಷ್ಟು. ಹೊಸದು ತರಲು ದುಡ್ಡಿಲ್ಲ. ಎಲ್ಲರೂ ತಲೆ ಮೇಲೆ ಕೈ ಹೊತ್ತು ನಿಂತಿದ್ದಾಗ ಒಬ್ಬ ಹುಡುಗ ಕೂತು ಆ ಮೂಲೆಯನ್ನು ಬೆರಳಲ್ಲಿ ಮುಟ್ಟಿ ನೋಡಿದ. "ಅಣ್ಣ, ದಬ್ಬಣ ಸುತಲಿ ತಂದ್ಕೊಡಿ, ನಾನು ಹೊಲೀತೀನಿ" ಅಂದ. ಅವನು ಪೇಟೆಯ ಒಂದು ಟೈಲರ್ ಅಂಗಡಿಯಲ್ಲಿ ಕೆಲಸಕ್ಕಿದ್ದ. ನಾನು ಮಂಡಿಯಿಂದ ಚೀಲ ಹೊಲಿಯುವ ದಬ್ಬಣ ತಂದುಕೊಟ್ಟೆ. ಎರಡು ರಾತ್ರಿ ಕೂತು ಹೊಲಿದ. ಕೈ ಆಡಿಸಿದರೂ ಗೊತ್ತಾಗದ ಹಾಗೆ ಹೊಲಿಗೆ ಸಮ ಇತ್ತು. ಮ್ಯಾಟ್ ಮೇಲೆ ಆಡಿದವರಿಗೆ ಇದರ ಬೆಲೆ ಗೊತ್ತು. ಎಲ್ಲೋ ಒಂದು ಕಡೆ ಸಡಿಲ ಬಿದ್ದರೆ ಒಂದು ಬಾಲ್ ಕಾಲ ಬುಡದಲ್ಲಿ ನುಸುಳುತ್ತದೆ, ಇನ್ನೊಂದು ಗಲ್ಲಕ್ಕೆ ಏಳುತ್ತದೆ.

ಆ ಹುಡುಗ ಲೆಗ್ ಸ್ಪಿನ್ ಹಾಕುತ್ತಿದ್ದ. ಮ್ಯಾಟ್ ಮೇಲೆ ಸ್ಪಿನ್ ಚೆನ್ನಾಗಿ ಕಚ್ಚುತ್ತದೆ. ಆದರೆ ಓವರಿಗೆ ಒಂದು ಬಾಲ್ ಕೈತಪ್ಪಿ ಫುಲ್‌ಟಾಸ್ ಆಗುತ್ತಿತ್ತು. ಅದಕ್ಕೆ ನನಗೆ ಭಯ.

ನವೆಂಬರ್ 8ರ ರಾತ್ರಿ ನೋಟು ರದ್ದಾಯಿತು. ನಮ್ಮ ಡಬ್ಬಿಯಲ್ಲಿ 14,000 ರೂಪಾಯಿ ಇತ್ತು, ಹೆಚ್ಚೂಕಡಿಮೆ ಎಲ್ಲವೂ 500ರ ನೋಟು. ಬಾಲ್‌ಗೆ, ಟೆಂಪೋಗೆ, ಊಟಕ್ಕೆ ಇಡೀ ಸೀಸನ್ನಿನ ದುಡ್ಡು ಅದು. ಮಂಡಿಯಲ್ಲಿ ನನಗೆ ಉಸಿರಾಡಲು ಬಿಡುವಿಲ್ಲ, ಅಡಿಕೆ ತಂದವರಿಗೆ ಕೊಡಲು ನಗದೇ ಇಲ್ಲ. ನನ್ನ ಪಾಸ್‌ಬುಕ್ ಹಿಡಿದು ಬ್ಯಾಂಕಿನ ಮುಂದೆ ಸಾಲಿನಲ್ಲಿ ನಿಂತವನು ಯಾರು? ಅದೇ ಹುಡುಗ. ಎರಡು ದಿನ.

ನಮ್ಮ ಕಡೆ ಇನ್ನೊಂದು ಕಷ್ಟ ಇದೆ. ನವೆಂಬರ್‌ನಿಂದ ಜನವರಿವರೆಗೆ ಅಡಿಕೆ ಕೊಯ್ಲು. ತೋಟ ಇರುವ ಮನೆಯ ಹುಡುಗರನ್ನು ಭಾನುವಾರ ಅಂತ ಯಾರೂ ಬಿಡುವುದಿಲ್ಲ. ಕೊಯ್ದದ್ದನ್ನು ಸುಲಿಯಬೇಕು, ಬೇಯಿಸಬೇಕು, ಹರವಬೇಕು. ಮೋಡ ಬಂದರೆ ಮತ್ತೆ ಒಟ್ಟು ಮಾಡಬೇಕು. ಎರಡನೇ ಪಂದ್ಯಕ್ಕೆ ನಾವು ಹೋದದ್ದೇ 10 ಜನ. ಆವತ್ತು ಟೈಲರ್ ಹುಡುಗ ಆಡಿದ. ಕೊನೆಯಲ್ಲಿ ಬಂದು 2 ರನ್, ನಾಟೌಟ್. ನಾಲ್ಕನೆಯದರಲ್ಲಿ ಮತ್ತೆ ಆಡಿದ. 0. ಬೌಲಿಂಗ್ 3 ಓವರ್ ಕೊಟ್ಟೆ, ಒಂದು ಸಿಕ್ಸ್ ಹೋದ ತಕ್ಷಣ ತೆಗೆದೆ.

ಆರನೇ ಪಂದ್ಯ ಶಿವಮೊಗ್ಗದಲ್ಲಿ. ಗೆಲ್ಲಲೇಬೇಕಿತ್ತು. ನಮ್ಮೂರಿನವನೇ ಒಬ್ಬ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ, ದೊಡ್ಡ ಬ್ಯಾಟ್ಸ್‌ಮನ್. ಹೆಸರು ನಮ್ಮಲ್ಲೇ ನೋಂದಾಯಿಸಿತ್ತು. ಬರ್ತೀನಿ ಅಂತ ಗುರುವಾರವೇ ಫೋನ್ ಮಾಡಿದ. ಹಾಗಾಗಿ ಯಾರನ್ನು ಬಿಡಬೇಕು ಅನ್ನುವುದು ಗುರುವಾರವೇ ನನಗೆ ಗೊತ್ತಿತ್ತು. ಟೈಲರ್ ಹುಡುಗನಿಗೆ ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅಂತ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಹೇಳಿದರೆ ಬರುವುದಿಲ್ಲ, ಮ್ಯಾಟ್ ಹಾಸಲು ಒಂದು ಕೈ ಕಡಿಮೆಯಾಗುತ್ತದೆ. ಇದೇ ಕಾರಣ. ಬೇರೆ ಯಾವುದೂ ಅಲ್ಲ.

ಬೆಳಿಗ್ಗೆ ಐದಕ್ಕೆ ಸಾಗರ ಬಿಟ್ಟೆವು. ಆನಂದಪುರ ದಾಟುವವರೆಗೂ ಮಂಜು. ಮ್ಯಾಟ್ ಟೆಂಪೋ ಮೇಲೆ. ಬೆಂಗಳೂರಿನವನು ತಾಳಗುಪ್ಪ ರೈಲಿನಲ್ಲಿ ಬಂದು, ಬೆಳಗಿನ ಜಾವವೇ ಶಿವಮೊಗ್ಗದಲ್ಲಿ ಇಳಿದು ಕಾಯುತ್ತಿದ್ದ. ಅವನನ್ನು ಕಂಡಾಗ ಟೈಲರ್ ಹುಡುಗನ ಮುಖ ನೋಡಿದೆ. ಅವನಿಗೆ ಅರ್ಥವಾಗಿತ್ತು. ಆದರೂ ಸುತ್ತಿಗೆ ತೆಗೆದುಕೊಂಡು ಹೋದ. ಆ ತುದಿಯಿಂದ ಈ ತುದಿಗೆ ಮ್ಯಾಟ್ ಎಳೆದು ಕಟ್ಟಿ, ಒಂದೊಂದು ಮೊಳೆಯನ್ನೂ ಬಗ್ಗಿ ಹೊಡೆದ. ಟಾಸ್‌ಗೆ ಹತ್ತು ನಿಮಿಷ ಇದ್ದಾಗ ಹೆಸರು ಓದಿದೆ. ಅವನ ಹೆಸರು ಇರಲಿಲ್ಲ. "ನೀನು ಸ್ಕೋರ್ ಬರೀ" ಅಂದೆ.

ಗೆದ್ದೆವು. ಬೆಂಗಳೂರಿನವನು 71 ಹೊಡೆದ. ವಾಪಸ್ ಬರುವಾಗ ಟೆಂಪೋ ತುಂಬ ಹಾಡು. ಕುಂಸಿಯಲ್ಲಿ ನಿಲ್ಲಿಸಿ ಎಲ್ಲರಿಗೂ ಚಹಾ ಮಂಡಕ್ಕಿ ಕೊಡಿಸಿದೆ. ಅವನು ಇಳಿಯಲಿಲ್ಲ.

ಏಳನೇ ಪಂದ್ಯ ನಮ್ಮ ಮಾರಿಕಾಂಬ ಜಾತ್ರೆಯ ಸಮಯಕ್ಕೆ ಬಂತು. ಆ ಜಾತ್ರೆ ಮೂರು ವರ್ಷಕ್ಕೊಮ್ಮೆ. ಮನೆ ತುಂಬ ನೆಂಟರು. ಬೆಂಗಳೂರಿನವನಿಗೆ ರಜೆ ಸಿಗಲಿಲ್ಲ. ಟೈಲರ್ ಹುಡುಗ ಫೋನ್ ಎತ್ತಲಿಲ್ಲ, ಅವನ ಜೊತೆ ಬರುತ್ತಿದ್ದ ಇಬ್ಬರೂ ಎತ್ತಲಿಲ್ಲ. 9 ಜನ ಹೋದೆವು. ಮ್ಯಾಟ್‌ಗೆ ಮೊಳೆ ನಾನೇ ಹೊಡೆದೆ, ಸರಿಯಾಗಿ ಬಿಗಿಯಲಿಲ್ಲ. 82ಕ್ಕೆ ಎಲ್ಲರೂ ಔಟ್. ಅಲ್ಲಿಗೆ ಸೀಸನ್ ಮುಗಿಯಿತು.

ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಒಂದು ದಿನ ಅವನ ಅಂಗಡಿಗೆ ಹೋದೆ. ಕೂರಿಸಿದ, ಕಾಫಿ ತರಿಸಿದ. ಜಗಳ ಆಡಿದ್ದರೆ ನನಗೆ ಹಗುರವಾಗುತ್ತಿತ್ತು. ಕೊನೆಗೆ ನಾನೇ ಕೇಳಿದೆ. ಅವನು ಹೇಳಿದ್ದು ಇಷ್ಟು: "ಅಣ್ಣ, ಆಡಿಸ್ಲಿಲ್ಲ ಅಂತಲ್ಲ. ಅವರು ನನಗಿಂತ ಚೆನ್ನಾಗಿ ಆಡ್ತಾರೆ, ಅದು ನನಗೂ ಗೊತ್ತು. ಜಾತ್ರೆ ಹತ್ರ ಇತ್ತು. ಹನ್ನೆರಡು ಬ್ಲೌಸ್ ಹೊಲಿಗೆಗೆ ಬಾಕಿ ಇತ್ತು. ಮಾಲೀಕರ ಹತ್ರ ಕೇಳಿಕೊಂಡು ಬಂದಿದ್ದೆ. ಶನಿವಾರ ಒಂದು ಮಾತು ಹೇಳಿದ್ರೆ ಕೆಲಸ ಮುಗಿಸಿ, ಮಧ್ಯಾಹ್ನದ ಬಸ್ಸಿಗೆ ಮ್ಯಾಚ್ ನೋಡಕ್ಕೆ ಬರ್ತಿದ್ದೆ."

ಅವನು ಬರೆದ ಸ್ಕೋರ್ ಬುಕ್ ನನ್ನ ಹತ್ತಿರ ಇದೆ. 71 ರನ್ನಿನ ಒಂದೊಂದು ಬಾಲೂ ಇದೆ. ಒಂದು ಕಡೆಯೂ ಅಳಿಸಿ ಬರೆದಿಲ್ಲ.

ಆ ಮೇಲೆ ನಾವು ಪದ್ಧತಿ ಬದಲಾಯಿಸಿದೆವು. ಅಕ್ಟೋಬರ್‌ನಲ್ಲಿ ಮ್ಯಾಟ್ ಇಳಿಸಿದ ದಿನವೇ ಎಲ್ಲರೂ ಕೂರುತ್ತೇವೆ. ನೋಂದಾಯಿಸಿದ ಪ್ರತಿಯೊಬ್ಬರಿಗೂ 7ರಲ್ಲಿ 3 ಪಂದ್ಯ ಖಂಡಿತ ಅಂತ ಎಲ್ಲರ ಮುಂದೆ ಹೇಳುತ್ತೇವೆ. ಊರ ಹೊರಗಿರುವವರು ಬಂದರೆ ಯಾರ ಜಾಗಕ್ಕೆ ಬರುತ್ತಾರೆ ಅನ್ನುವುದನ್ನೂ ಆಗಲೇ ಮಾತಾಡುತ್ತೇವೆ. ಮತ್ತೆ ಶನಿವಾರ ಸಂಜೆ 7ಕ್ಕೆ ತಂಡ. ಆಡದವರಿಗೆ ಕ್ಯಾಪ್ಟನ್ನೇ ಫೋನ್ ಮಾಡಬೇಕು. ವಾಟ್ಸಾಪ್ ಗುಂಪಿನಲ್ಲಿ 11 ಹೆಸರು ಹಾಕಿ ಸುಮ್ಮನಾಗುವ ಹಾಗಿಲ್ಲ. ಇದರಿಂದ ಪಂದ್ಯ ಜಾಸ್ತಿ ಗೆದ್ದೆವು ಅಂತ ಹೇಳಲಾರೆ. ಆದರೆ ಅದಾದ ಮೇಲೆ 9 ಜನ ಇಟ್ಟುಕೊಂಡು ಯಾವತ್ತೂ ಆಡಿಲ್ಲ.

ನಿನ್ನ ಬೇಕರಿ ಹುಡುಗ 0ಗೆ ಔಟಾದ ಅಂದೆ. ನಿಮ್ಮೂರಲ್ಲೇ ಹುಟ್ಟಿದ ಜಿ.ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಮೇಲೆ ಮೊದಲ ಟೆಸ್ಟ್ ಆಡಿದರು. ಮೊದಲ ಇನಿಂಗ್ಸ್‌ನಲ್ಲಿ 0, ಎರಡನೆಯದರಲ್ಲಿ 137. ಟೆಸ್ಟ್‌ನಲ್ಲಿ ಎರಡನೇ ಇನಿಂಗ್ಸ್ ತಾನಾಗಿಯೇ ಸಿಗುತ್ತದೆ. ನಮ್ಮ ಭಾನುವಾರದ ಆಟದಲ್ಲಿ ಅದನ್ನು ಕ್ಯಾಪ್ಟನ್ ಕೊಡಬೇಕು.

ಈ ಭಾನುವಾರ ಯಾರು ಆಡಬೇಕು ಅಂತ ನಾನು ಹೇಳುವುದಿಲ್ಲ, ನಿನ್ನ ಹುಡುಗರು ನಿನಗೇ ಗೊತ್ತು. ಆದರೆ ಇವತ್ತೇ ಹೇಳು. ಅವನ ಕೈಯಲ್ಲಿ ಸುತ್ತಿಗೆ ಇರುವಾಗ ಹೇಳಬೇಡ.

ಹೊಸ ಬಾಲ್

ಮಂಡಿ ರೈಟರೇ, ಶನಿವಾರವೇ ಹೇಳಬೇಕು ಅನ್ನುವುದಕ್ಕೆ ನನ್ನ ಒಪ್ಪಿಗೆ ಇದೆ. ನಮ್ಮಲ್ಲಿ ಅದು ಇರಲಿಲ್ಲ, ಇರಬೇಕಿತ್ತು. ಆದರೆ 3 ಪಂದ್ಯ ಖಂಡಿತ ಅನ್ನುವುದು ಮೇಲಿನ ಡಿವಿಷನ್‌ನಲ್ಲಿ ನಡೆಯುವುದು ಕಷ್ಟ. ಒಂದು ಸೋಲಿಗೆ ಕೆಳಗೆ ಇಳಿಯುವ ತಂಡದಲ್ಲಿ ನಾನಿದ್ದೆ. ಆ ಬೇಸಿಗೆ ಮರೆಯಲು ಆಗುವುದಿಲ್ಲ.

ಸ್ಕೋರರ್ ಅಕ್ಕ, ಶಿವಮೊಗ್ಗ

ನಾನು ಆಡಿದವಳಲ್ಲ. 11 ವರ್ಷದಿಂದ ಸ್ಕೋರ್ ಬರೆಯುತ್ತಿದ್ದೇನೆ. ಮೈದಾನದ ಹೊರಗೆ ಮೇಜು ಹಾಕಿ ಕೂರುವುದರಿಂದ, ಆಡದೆ ಉಳಿದ ಹುಡುಗರು ನನ್ನ ಪಕ್ಕದಲ್ಲೇ ಕೂರುತ್ತಾರೆ. ಅವರ ಮುಖ ಕ್ಯಾಪ್ಟನ್‌ಗಳಿಗಿಂತ ನನಗೆ ಹೆಚ್ಚು ಪರಿಚಯ.

ಮಂಡಿ ರೈಟರ ಮಾತಿನಲ್ಲಿ ಒಂದು ವಿಷಯ ನನಗೆ ನೋವಾಯಿತು. ಬಿಟ್ಟ ಹುಡುಗನಿಗೆ "ಸ್ಕೋರ್ ಬರೀ" ಅಂದದ್ದು. ಎಲ್ಲ ಕ್ಲಬ್‌ಗಳೂ ಹೀಗೇ ಮಾಡುತ್ತವೆ. ಸ್ಕೋರ್ ಬರೆಯುವುದು ಜಾಗ ಸಿಗದವನಿಗೆ ಕೊಡುವ ಸಮಾಧಾನ ಅಲ್ಲ. 300 ಬಾಲ್ ಒಂದೂ ಬಿಡದೆ ನೋಡಬೇಕು. ಬೈ ಯಾವುದು, ಲೆಗ್ ಬೈ ಯಾವುದು, ಅಂಪೈರ್ ಸನ್ನೆಗೆ ಕೈ ಎತ್ತಿ ಉತ್ತರ ಕೊಡಬೇಕು, ಎದುರು ತಂಡದ ಸ್ಕೋರರ್ ಜೊತೆ ಆಗಾಗ ತಾಳೆ ನೋಡಬೇಕು. ಮನಸ್ಸು ಕಹಿಯಾದವನ ಕೈಗೆ ಅದನ್ನು ಕೊಟ್ಟರೆ ಅವನಿಗೂ ಹಿಂಸೆ. ಆ ಟೈಲರ್ ಹುಡುಗ ಒಂದೂ ತಪ್ಪಿಲ್ಲದೆ ಬರೆದ ಅಂದರೆ ಅವನ ಮನಸ್ಸು ಎಷ್ಟು ಗಟ್ಟಿ ಇರಬೇಕು ಅಂತ ಯೋಚಿಸುತ್ತಿದ್ದೇನೆ.

ಭದ್ರಾವತಿ ತಮ್ಮನಿಗೆ ಕೆಲವು ನಿಯಮ ಹೇಳುತ್ತೇನೆ, ಉಪಯೋಗಕ್ಕೆ ಬರಬಹುದು. ಟಾಸ್‌ಗೆ ಮೊದಲು 11 ಹೆಸರನ್ನು ಬರೆದು ಅಂಪೈರ್‌ಗೆ ಕೊಡಬೇಕು. ಆ ಮೇಲೆ ಬದಲಾಯಿಸಲು ಎದುರು ಕ್ಯಾಪ್ಟನ್ ಒಪ್ಪಬೇಕು. ಬದಲಿ ಆಟಗಾರ ಫೀಲ್ಡಿಂಗ್ ಮಾಡಬಹುದು, ಬೌಲಿಂಗ್ ಮಾಡುವ ಹಾಗಿಲ್ಲ, ಕ್ಯಾಪ್ಟನ್ ಆಗುವ ಹಾಗಿಲ್ಲ. ಮೊದಲು ಕೀಪಿಂಗ್ ಕೂಡ ಮಾಡುವ ಹಾಗಿರಲಿಲ್ಲ. 2017ರ ಅಕ್ಟೋಬರ್‌ನಲ್ಲಿ ಬಂದ ಹೊಸ ನಿಯಮದಿಂದ, ಅಂಪೈರ್ ಒಪ್ಪಿದರೆ ಕೀಪಿಂಗ್ ಮಾಡಬಹುದು. ಹಾಗಾಗಿ ಹನ್ನೆರಡನೆಯವನನ್ನು ನೀರು ಕೊಡುವವನು ಅಂತ ನೋಡಬೇಡಿ. ಅವನಿಗೆ ನೆಟ್ಸ್‌ನಲ್ಲಿ ಗ್ಲೌಸ್ ಕೊಟ್ಟು ಅಭ್ಯಾಸ ಮಾಡಿಸಿ.

ಇನ್ನೊಂದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಎರಡೂ ಕ್ಯಾಪ್ಟನ್ ಒಪ್ಪಿದರೆ ಒಂದು ಕಡೆ 11ಕ್ಕಿಂತ ಜಾಸ್ತಿ ಜನ ಇಟ್ಟುಕೊಂಡು ಆಡಬಹುದು. ಒಂದು ಹೊತ್ತಿಗೆ ಮೈದಾನದಲ್ಲಿ 11 ಜನಕ್ಕಿಂತ ಜಾಸ್ತಿ ಫೀಲ್ಡಿಂಗ್‌ಗೆ ಇರಬಾರದು, ಅಷ್ಟೇ. ಲೀಗ್‌ನಲ್ಲಿ ಅದು ಆಗುವುದಿಲ್ಲ. ಆದರೆ ಪಂದ್ಯ ಇಲ್ಲದ ಭಾನುವಾರ ಪಕ್ಕದ ಊರಿನವರನ್ನು ಕರೆದು ಸ್ನೇಹದ ಪಂದ್ಯ ಇಟ್ಟುಕೊಳ್ಳಿ, 13 ಜನ, 14 ಜನ ಆಡಿ. ಬೇಕರಿ ಹುಡುಗನನ್ನು ಒಂದನೇ ನಂಬರ್‌ಗೆ ಇಳಿಸಿ. ನೆಟ್ಸ್‌ನಲ್ಲಿ ಅರ್ಧ ಗಂಟೆ ಆಡುವುದಕ್ಕೂ, ಸ್ಕೋರ್ ಬುಕ್ಕಿನಲ್ಲಿ ಹೆಸರು ಬರೆದ ಮೇಲೆ ಹತ್ತು ಬಾಲ್ ಆಡುವುದಕ್ಕೂ ಬಹಳ ವ್ಯತ್ಯಾಸ ಇದೆ.

ಭದ್ರಾವತಿ ಹುಡುಗ

ಎಲ್ಲರಿಗೂ ಧನ್ಯವಾದ. ಎರಡು ವಾರ ಬರೆಯಲು ಆಗಲಿಲ್ಲ, ಕ್ಷಮಿಸಿ. ಏನಾಯಿತು ಹೇಳುತ್ತೇನೆ.

ರೈಟರಣ್ಣ, ನಿಮ್ಮದು ಓದಿದ ಸಂಜೆಯೇ ಬೇಕರಿಗೆ ಹೋದೆ. ಫೋನ್‌ನಲ್ಲಿ ಹೇಳಲು ಮನಸ್ಸು ಬರಲಿಲ್ಲ. ಅವನು ಬನ್ ತಟ್ಟೆ ಒಲೆಗೆ ಇಡುತ್ತಿದ್ದ. ಈ ಭಾನುವಾರ ದಾವಣಗೆರೆಯವನನ್ನು ಆಡಿಸಬೇಕು ಅಂತಿದ್ದೇನೆ, ಮುಂದಿನ ಎರಡು ಪಂದ್ಯ ನಿನ್ನದು, 0 ಹೊಡೆದರೂ ನಿನ್ನದೇ ಅಂದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆ ಮೇಲೆ, "ಹಾಗಾದ್ರೆ ಭಾನುವಾರ ನಾನು ಮಲಗ್ತೀನಣ್ಣ. ಎರಡು ತಿಂಗಳಾಯ್ತು ಸರಿಯಾಗಿ ಮಲಗಿ" ಅಂದ. ಅವನು ಎಷ್ಟು ನಿದ್ದೆಗೆಟ್ಟು ಬರುತ್ತಿದ್ದ ಅಂತ ನಾನು ಕೇಳಿಯೇ ಇರಲಿಲ್ಲ.

ಆ ಭಾನುವಾರ ಮ್ಯಾಟ್ ಹಾಸಲು ದಾವಣಗೆರೆಯವನನ್ನೇ ಕರೆದೆ. ಬೇಜಾರು ಮಾಡಿಕೊಳ್ಳಲಿಲ್ಲ, ಬಂದ. ಯಾರೂ ಅವನನ್ನು ಇದುವರೆಗೆ ಕರೆದಿರಲಿಲ್ಲ, ಅಷ್ಟೇ ಅನ್ನಿಸುತ್ತದೆ. ಅವನು 38 ಹೊಡೆದ. ಆದರೂ ಸೋತೆವು, 11 ರನ್‌ಗೆ. ಮೇಲೆ ಹೋಗುವ ಆಸೆ ಈ ವರ್ಷಕ್ಕೆ ಮುಗಿಯಿತು.

ಮೊನ್ನೆ ಆರನೇ ಪಂದ್ಯ. ಬೇಕರಿ ಹುಡುಗ ಏಳನೇ ನಂಬರ್‌ಗೆ ಇಳಿದ. ಮೊದಲ ಬಾಲ್ ಪ್ಯಾಡಿಗೆ ಬಡಿದು ಜೋರು ಅಪೀಲ್ ಆಯಿತು. ನನ್ನ ಎದೆ ನಿಂತಂತಾಯಿತು. ನಾಟೌಟ್. ಆ ಮೇಲೆ 17 ರನ್. ಮಿಡ್‌ವಿಕೆಟ್ ಕಡೆ ಎರಡು ಫೋರ್. ಗೆದ್ದೆವು. ಸ್ಕೋರರ್ ಅಕ್ಕ, ಸ್ನೇಹದ ಪಂದ್ಯಕ್ಕೆ ತರೀಕೆರೆಯವರ ಹತ್ತಿರ ಮಾತಾಡಿದ್ದೇನೆ, ಒಂದು ಕಡೆ 13 ಜನ ಅಂತ ಒಪ್ಪಿದ್ದಾರೆ.

ಒಂದೇ ತೊಂದರೆ. ಆವತ್ತು ಸಂಜೆ ಮ್ಯಾಟ್ ಸುತ್ತುವಾಗ ನೋಡಿದರೆ ಬೌಲರ್ ಕಾಲಿಡುವ ಜಾಗದಲ್ಲಿ ಬಿಟ್ಟುಕೊಂಡಿದೆ. ಎರಡು ಗೇಣು ಉದ್ದ. ಇಲ್ಲಿ ಚಪ್ಪಲಿ ಹೊಲಿಯುವವರಿಗೆ ತೋರಿಸಿದೆ, ಆಗಲ್ಲ ಅಂದರು. ರೈಟರಣ್ಣ, ಎಂಥ ದಾರ ಹಾಕಬೇಕು?

ಮಂಡಿ ರೈಟರು, ಸಾಗರ

ತಮ್ಮಾ, ದಪ್ಪ ಸುತಲಿ, ಎರಡು ಎಳೆ ಸೇರಿಸಿ. ಹೊಲಿಯುವ ಮುಂಚೆ ಮೇಣ ಸವರಬೇಕು, ಇಲ್ಲದಿದ್ದರೆ ಇಬ್ಬನಿಗೆ ಬೇಗ ಕೊಳೆಯುತ್ತದೆ. ಹರಿದ ಜಾಗಕ್ಕೆ ಕೆಳಗಿನಿಂದ ಗೋಣಿ ಪಟ್ಟಿ ಕೊಡಬೇಕು. ಮೇಲೆ ಕೊಟ್ಟರೆ ಸ್ಪೈಕ್ ಸಿಕ್ಕಿಕೊಳ್ಳುತ್ತದೆ.

ಇದೆಲ್ಲ ನನಗೆ ಗೊತ್ತಿದ್ದದ್ದಲ್ಲ. ನಿನ್ನೆ ಸಂಜೆ ಅವನ ಅಂಗಡಿಗೆ ಹೋಗಿ ಕೇಳಿಕೊಂಡು ಬಂದೆ. ಈಗ ಸ್ವಂತ ಅಂಗಡಿ, ಎರಡು ಮೆಷಿನ್. ಆ ವರ್ಷದ ನಂತರ ಅವನು ಆಡಲು ಬರಲೇ ಇಲ್ಲ. ಆದರೆ ಪ್ರತಿ ಅಕ್ಟೋಬರ್ ನಮ್ಮ ಮ್ಯಾಟ್ ನೋಡಿಕೊಡುತ್ತಾನೆ, ದುಡ್ಡು ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಭದ್ರಾವತಿಯ ಹುಡುಗರದ್ದು ಹರಿದಿದೆಯಂತೆ ಅಂದೆ. ಎಷ್ಟು ಉದ್ದ, ಯಾವ ತುದಿ ಅಂತ ಕೇಳಿದ. "ಕಳಿಸಿ, ಭಾನುವಾರ ಅವರಿಗೆ ಬೇಕಾಗತ್ತೆ, ಸೋಮವಾರ ತರಲಿ" ಅಂದ. ಶುಕ್ರವಾರದ ಹೊತ್ತಿಗೆ ಕೊಡುತ್ತಾನೆ.

ಟೆಂಪೋ ಮಾಡಬೇಡ, ದುಡ್ಡು ದಂಡ. ಸೋಮವಾರ ನಮ್ಮ ಮಂಡಿಯ ಲಾರಿ ಶಿವಮೊಗ್ಗದಿಂದ ಖಾಲಿ ಬರುತ್ತದೆ. ಮ್ಯಾಟನ್ನು ಬಿಗಿಯಾಗಿ ಸುತ್ತಿ, ಮೂರು ಕಡೆ ಹಗ್ಗ ಕಟ್ಟಿ, ಶಿವಮೊಗ್ಗದವರೆಗೆ ತಂದುಬಿಡು. ಬೇಕರಿ ಹುಡುಗ ಬಿಡುವಾಗಿದ್ದರೆ ಅವನನ್ನೂ ಕರೆದುಕೊಂಡು ಬಾ. ಇವನು ಅವನ ಬಗ್ಗೆ ಕೇಳಿದ, ಎಷ್ಟನೇ ನಂಬರ್‌ಗೆ ಆಡಿದ ಅಂತ.